ಆರನೇ ಹಾಸಿಗೆಗೂ ಕಾಣುವ ಟಿವಿ

ನಮ್ಮ ಡಯಾಲಿಸಿಸ್ ಕೋಣೆಯಲ್ಲಿ ಆರು ಹಾಸಿಗೆ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಕೈಗೆ ಎರಡು ಸೂಜಿ ಚುಚ್ಚಿಸಿಕೊಂಡು ನಾವು ಆರು ಜನ ಸಾಲಾಗಿ ಮಲಗುತ್ತೇವೆ. ಪಕ್ಕದ ಯಂತ್ರ ರಕ್ತವನ್ನು ಹೊರಗೆಳೆದು, ತೊಳೆದು, ಮತ್ತೆ ಒಳಗೆ ಬಿಡುತ್ತದೆ. ಅಷ್ಟು ಹೊತ್ತೂ ಆ ಕೈ ಅಲ್ಲಾಡಿಸುವಂತಿಲ್ಲ, ಬೇಕಾದ ಹಾಗೆ ಮಗ್ಗುಲಾಗುವಂತಿಲ್ಲ. ನಾನು ಮೂರನೇ ಹಾಸಿಗೆಯವನು. ಭೂಮಾಪನ ಕಚೇರಿಯಲ್ಲಿ ಮೂವತ್ತೊಂದು ವರ್ಷ ನಕ್ಷೆ ಬರೆದು ನಿವೃತ್ತನಾದವನು, ಹಾಗಾಗಿ ಅಲ್ಲಿ ಎಲ್ಲರಿಗೂ ‘ನಕ್ಷೆ ಸಾರ್’. ಆದರೆ ಈಗ ಹೇಳಹೊರಟಿರುವುದು ಅಕ್ಕನ ವಿಷಯ.

ಅಕ್ಕ ಆ ಕೋಣೆಯ ಆಯಾ. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವಳಾದರೂ ನನಗೂ ಅಕ್ಕ, ಡಾಕ್ಟರಿಗೂ ಅಕ್ಕ. ನೆಲ ಒರೆಸುವ ಕೆಲಸಕ್ಕೆಂದು ಸೇರಿ ಹದಿನೇಳು ವರ್ಷವಾಯಿತಂತೆ. ಒರೆಸುತ್ತ ಒರೆಸುತ್ತಲೇ ಕೆಲಸವನ್ನೆಲ್ಲ ಕಣ್ಣಲ್ಲೇ ಕಲಿತುಬಿಟ್ಟಿದ್ದಾಳೆ. ನಮ್ಮ ಕಾಲಿನ ಮೀನಖಂಡ ಹಿಡಿದುಕೊಳ್ಳುವ ಮೊದಲೇ, ಮುಖ ನೋಡಿ ಬಂದು ಅಂಗಾಲನ್ನು ಒತ್ತಿ ಹಿಡಿಯುತ್ತಾಳೆ. ನಾವು ಕುಡಿಯುವ ನೀರಿಗೂ ಅಳತೆಯಿದೆ, ಮೀರಿದರೆ ಕಾಲು ಊದುತ್ತದೆ. ಬಾಗಿಲಲ್ಲಿ ನಾವು ಚಪ್ಪಲಿ ಬಿಡುವ ರೀತಿ ನೋಡಿಯೇ “ನಿನ್ನೆ ನೀರು ಜಾಸ್ತಿ ಆಯ್ತಲ್ವಾ?” ಎಂದು ಕೇಳುತ್ತಾಳೆ. ಸುಳ್ಳು ಹೇಳಿ ಪ್ರಯೋಜನವಿಲ್ಲ, ಮುಂದಿನ ನಿಮಿಷಕ್ಕೆ ತೂಕದ ಯಂತ್ರ ಅವಳ ಪರವಾಗಿ ಸಾಕ್ಷಿ ನುಡಿಯುತ್ತದೆ.

ಕೋಣೆಯಲ್ಲಿ ಹಳೆಯ ಟಿವಿಯೊಂದಿತ್ತು. ಪರದೆಯ ನಡುವೆ ಕಪ್ಪು ಪಟ್ಟಿ ಬಂದು, ಸುದ್ದಿ ಓದುವವರಿಗೆಲ್ಲ ಮೂಗೇ ಇಲ್ಲದಂತಾಗಿತ್ತು. ಕೊನೆಗೆ ಅದೂ ಕಣ್ಣು ಮುಚ್ಚಿತು. ಆಸ್ಪತ್ರೆಯವರು ಯಂತ್ರದ ಬಿಡಿಭಾಗಗಳಿಗೇ ದುಡ್ಡಿಲ್ಲ, ಟಿವಿಗೆಲ್ಲಿಂದ ತರೋಣ ಎಂದರು. ಅದು ನಿಜವೂ ಆಗಿತ್ತು. ಟಿವಿ ಹೋದ ಮೇಲೆ ನಾಲ್ಕು ಗಂಟೆ ಎಂಬುದು ಎಷ್ಟು ಉದ್ದ ಅಂತ ನಮಗೆ ತಿಳಿಯಿತು. ಎಲ್ಲರೂ ಚಾವಣಿಯ ಫ್ಯಾನು ನೋಡುತ್ತ, ಅವರವರ ರೋಗವನ್ನೇ ಮೆಲುಕು ಹಾಕುತ್ತ ಮಲಗಿರುತ್ತಿದ್ದೆವು.

ಮೊದಲು ಬಾಯಿಬಿಟ್ಟವನು ಒಂದನೇ ಹಾಸಿಗೆಯ ಡ್ರೈವರು. ಜೀವಮಾನವೆಲ್ಲ ದೂರದ ಊರುಗಳಿಗೆ ಬಸ್ಸು ಓಡಿಸಿದವನು, ಸುಮ್ಮನೆ ಮಲಗುವುದೆಂದರೆ ಆಗದು. “ನಾವೇ ಹಾಕ್ಕೊಳ್ಳೋಣ ಕಣ್ರೀ. ಗೋಡೆ ತುಂಬ ಬರೋ ಅಂಥದ್ದು ತರೋಣ,” ಎಂದ. ಎರಡು ವಾರದಲ್ಲಿ ಕೈಲಾದಷ್ಟು ಸೇರಿತು. ಗೋಡೆ ತುಂಬುವಷ್ಟಲ್ಲ. ದುಡ್ಡನ್ನು ಯಾರ ಕೈಗೆ ಕೊಡುವುದು ಎಂಬ ಮಾತೇ ಬರಲಿಲ್ಲ, ಎಲ್ಲರೂ ಅಕ್ಕನ ಕಡೆ ನೋಡಿದರು.

“ನಂಗೆ ಟಿವಿ ವಿಷಯ ಏನೂ ಗೊತ್ತಿಲ್ಲ,” ಎಂದಳು ಅಕ್ಕ. “ನಮ್ಮನೇಲಿರೋದನ್ನ ಅತ್ತೆ ನೋಡ್ತಾರೆ. ನಾನು ಅದರ ಧೂಳು ಒರೆಸ್ತೀನಿ ಅಷ್ಟೇ.”

ಮುಂದಿನ ಸರದಿಯ ದಿನ ಮಧ್ಯಾಹ್ನ ನನ್ನ ಸೂಜಿ ತೆಗೆದು, ರಕ್ತ ನಿಲ್ಲಲೆಂದು ಬಟ್ಟೆ ಒತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದೆ. ಉಳಿದವರು ಹೋಗಿದ್ದರು, ಯಂತ್ರಗಳು ತಮ್ಮನ್ನು ತಾವೇ ತೊಳೆದುಕೊಳ್ಳುತ್ತಿದ್ದವು. ಅಕ್ಕ ಒಂದನೇ ಹಾಸಿಗೆಯ ಮೇಲೆ ಮಲಗಿದಳು. ಕೈಯನ್ನು ನಮ್ಮ ಹಾಗೆಯೇ ಪಕ್ಕಕ್ಕೆ ಚಾಚಿ, ತಲೆ ಅಲ್ಲಾಡಿಸದೆ ಎದುರು ಗೋಡೆಯನ್ನು ದಿಟ್ಟಿಸಿದಳು. ಆಮೇಲೆ ಎರಡನೆಯದು, ಮೂರನೆಯದು. ಯಾರು ಎಷ್ಟು ದಿಂಬು ಇಟ್ಟುಕೊಳ್ಳುತ್ತಾರೋ ಅಷ್ಟೇ ದಿಂಬು. ಆರನೆಯದರಲ್ಲಿ ಬಹಳ ಹೊತ್ತು ಮಲಗಿದ್ದಳು.

“ನಕ್ಷೆ ಸಾರ್, ಇಲ್ಲಿಂದ ಬರೀ ಕಂಬ ಕಾಣುತ್ತೆ.”

ಎದುರು ಗೋಡೆಯಲ್ಲಿ, ಐದನೇ ಹಾಸಿಗೆಯ ನೇರಕ್ಕೆ, ಒಂದು ಕಂಬ ಒಂದೂವರೆ ಅಡಿ ಮುಂದಕ್ಕೆ ಚಾಚಿಕೊಂಡಿದೆ. ಆರನೇ ಹಾಸಿಗೆಯ ಅಜ್ಜಿ ಹಳೆಯ ಟಿವಿಯನ್ನು ನೋಡಿಯೇ ಇರಲಿಲ್ಲ ಅಂತ ನಮಗೆ ಆಗ ಹೊಳೆಯಿತು. ಮೂರು ವರ್ಷ ಬರೀ ಕೇಳಿಸಿಕೊಂಡಿದ್ದಾರೆ. ಒಂದು ದಿನವೂ ಹೇಳಿಕೊಂಡವರಲ್ಲ. ಅಕ್ಕನಿಗೆ ಅದು ಚುಚ್ಚಿತು. “ಇಷ್ಟು ದಿನ ಹತ್ರಾನೇ ಓಡಾಡ್ಕೊಂಡು ನಾನೇ ನೋಡಲಿಲ್ವಲ್ಲ,” ಎಂದು ಎದ್ದು ಕೂತಳು.

ನಾನು ಕೋಣೆಯ ನಕ್ಷೆ ಬರೆದುಕೊಟ್ಟೆ. ಹಾಸಿಗೆ, ಕಂಬ, ಬೆನ್ನ ಹಿಂದಿನ ಎರಡು ಕಿಟಕಿ, ಎಲ್ಲ ಅಳತೆಗೆ ಸರಿಯಾಗಿ. ಪ್ರತಿ ದಿಂಬಿನಿಂದ ಗೆರೆ ಎಳೆದು ನೋಡಿದಾಗ ಟಿವಿಯನ್ನು ಗೋಡೆಗೆ ಅಂಟಿಸಿದಂತೆ ಹಾಕಿದರೆ ಎಲ್ಲಿ ಹಾಕಿದರೂ ಯಾರಿಗಾದರೂ ಒಬ್ಬರಿಗೆ ಕಂಬ ಅಡ್ಡ. ಗೋಡೆಯಿಂದ ಎರಡು ಅಡಿ ಮುಂದಕ್ಕೆಳೆದು ತುಸು ತಿರುಗಿಸಿದರೆ ಮಾತ್ರ ಅಜ್ಜಿಗೆ ಕಾಣುತ್ತದೆ. ಆದರೆ ಹಾಗೆ ತಿರುಗಿಸಿದರೆ ಡ್ರೈವರು ಓರೆಯಿಂದ ನೋಡಬೇಕು. ಅಕ್ಕ ಆ ಕಾಗದವನ್ನು ಮಡಿಸಿ ರವಿಕೆಯೊಳಗಿಟ್ಟುಕೊಂಡಳು.

ಅಷ್ಟಕ್ಕೇ ಬಿಡಲಿಲ್ಲ. ಔಷಧದ ಕ್ಯಾನುಗಳು ಬರುವ ರಟ್ಟಿನ ಪೆಟ್ಟಿಗೆಗಳನ್ನು ಮೂರು ಅಳತೆಗೆ ಕತ್ತರಿಸಿ, ಒಂದೊಂದು ದಿನ ಒಂದೊಂದನ್ನು ಗೋಡೆಗೆ ಅಂಟಿಸಿ, ಮೇಲೆ ಎರಡು ಸಾಲು ಅಕ್ಷರ ಬರೆದು, ಕಾಣುತ್ತಾ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಡ್ರೈವರು ಅತಿ ದೊಡ್ಡ ರಟ್ಟಿಗೇ ಕೈಯೆತ್ತಿದ. ಅದು ಸ್ವಿಚ್ಚುಗಳ ಬೋರ್ಡನ್ನು ಮುಚ್ಚುತ್ತದೆ ಅಂತ ಅಕ್ಕ ತೋರಿಸಿದಳು. “ಕರೆಂಟ್ ಹೋದಾಗ ನಿಮ್ಮ ಟಿವಿ ಬಿಚ್ಚಿ ಸ್ವಿಚ್ ಹಾಕ್ಲಾ ಅಣ್ಣಾ?” ಡ್ರೈವರು ಕೈ ಇಳಿಸಿದ. ನಲವತ್ತಮೂರು ಇಂಚಿನ ರಟ್ಟು ಗೆದ್ದಿತು.

ಕಿಟಕಿಯ ಬೆಳಕು ಪರದೆಯ ಮೇಲೆ ಹೊಡೆಯುತ್ತದೋ ಇಲ್ಲವೋ ತಿಳಿಯಲು ಏನಾದರೂ ಗಾಜು ಬೇಕಿತ್ತು. ಡಾಕ್ಟರ ಕೋಣೆಯಲ್ಲಿದ್ದ ಪದವಿ ಪ್ರಮಾಣಪತ್ರದ ಚೌಕಟ್ಟನ್ನು ಇಳಿಸಿಕೊಂಡು ಬಂದಳು. ಅದನ್ನು ಗೋಡೆಗೆ ಹಿಡಿದು ಹಿಂದೆ ಮುಂದೆ ಬಾಗಿಸುತ್ತಿರುವಾಗ ಡಾಕ್ಟರು ಒಳಗೆ ಬಂದರು.

“ಅಕ್ಕ, ಅದು ನಂದಲ್ವಾ?”

“ಹೌದು ಸಾರ್. ಸ್ವಲ್ಪ ಕೆಳಗೆ ಬಾಗಿಸಿದ್ರೆ ಕಿಟಕಿ ಕಾಣಲ್ಲ. ಹಿಡ್ಕೊಳ್ಳಿ, ನಾನು ನಾಲ್ಕನೇದರಿಂದ ನೋಡ್ತೀನಿ.”

ಡಾಕ್ಟರು ತಮ್ಮ ಪದವಿಯನ್ನು ತಾವೇ ಹಿಡಿದುಕೊಂಡು ಐದು ನಿಮಿಷ ನಿಂತಿದ್ದರು.

ನನಗೆ ಯಂತ್ರವಿಲ್ಲದ ದಿನ ಅಂಗಡಿಗೆ ಜೊತೆಯಾಗಿ ಹೋದೆ. ಒಳಗೆ ಗೋಡೆ ತುಂಬ ಟಿವಿಗಳು, ಎಲ್ಲದರಲ್ಲೂ ಬಣ್ಣದ ಮೀನುಗಳೇ. ಟೈ ಕಟ್ಟಿದ್ದ ಮಾರಾಟದವನು ಪಿಕ್ಸೆಲ್ಲು ಅದು ಇದು ಎಂದು ಒಂದೇ ಉಸಿರಿಗೆ ಒಪ್ಪಿಸಿದ. ಅಕ್ಕ ಪೂರ್ತಿ ಕೇಳಿಸಿಕೊಂಡು, “ಮೀನು ತೆಗೆದು ಸುದ್ದಿ ಹಾಕಪ್ಪ. ನಮ್ಮವರು ಮೀನು ನೋಡಲ್ಲ,” ಎಂದಳು. ಅಂಗಡಿಗೆಂದು ಏರಿಸಿಟ್ಟ ಬೆಳಕನ್ನೂ ಮನೆಯಲ್ಲಿರುವಷ್ಟಕ್ಕೆ ಇಳಿಸಲು ಹೇಳಿದಳು. ನಂತರ ನಮ್ಮ ದಿಂಬಿನ ಎತ್ತರಕ್ಕೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಹಾಗೇ ಪಕ್ಕಕ್ಕೆ ಸರಿದಳು. ಕೊಳ್ಳಲು ಬಂದವರೆಲ್ಲ ನಿಂತು ನೋಡುತ್ತಿದ್ದರು. ನಾಚಿಕೆಯಾಗಿದ್ದು ನನಗೆ, ಅವಳಿಗಲ್ಲ.

“ಇದರಲ್ಲಿ ಪಕ್ಕದಿಂದ ನೋಡಿದ್ರೆ ಮುಖ ಬೂದಿ ಬಳಿದಂಗೆ ಕಾಣುತ್ತೆ,” ಎಂದಳು, ಅವನು ಹೊಗಳಿದ್ದ ಹೊಸ ಟಿವಿಯನ್ನು ತೋರಿಸಿ.

“ಪಕ್ಕದಿಂದ ಯಾರು ನೋಡ್ತಾರೆ ಅಮ್ಮ? ಎಲ್ಲರೂ ಎದುರಿಗೆ ಕೂತೇ ನೋಡೋದು.”

“ನಮ್ಮಲ್ಲಿ ಎದ್ದು ಜಾಗ ಬದಲಾಯಿಸೋಕೆ ಆಗದವರು ಇದ್ದಾರಪ್ಪ.”

ಅವಳು ನಕ್ಷೆ ಬಿಡಿಸಿ ಗಾಜಿನ ಮೇಜಿನ ಮೇಲೆ ಹರಡಿದಳು. ಆರು ಹಾಸಿಗೆ, ಆರು ಗೆರೆ. ಮಾರಾಟದವನು ಬಗ್ಗಿ ನೋಡಿದ. ಇದು ಡಯಾಲಿಸಿಸ್ ಕೋಣೆ ಎಂದು ಅಕ್ಕ ಹೇಳಿದಳು. ಅವನು ಟೈ ಸಡಿಲಿಸಿಕೊಂಡು, ತಾನೇ ನೆಲಕ್ಕೆ ಕುಕ್ಕರಿಸಿ ಒಂದೊಂದು ಟಿವಿಯನ್ನೂ ಓರೆಯಿಂದ ನೋಡತೊಡಗಿದ. ಮೂಲೆಯಲ್ಲಿದ್ದ ಹೋದ ವರ್ಷದ ಮಾದರಿಯೊಂದರಲ್ಲಿ ಬಣ್ಣ ಎಲ್ಲಿಂದ ನೋಡಿದರೂ ಕೆಡುತ್ತಿರಲಿಲ್ಲ. ಬೆಲೆಯೂ ನಮ್ಮ ಕೈಗೆಟಕುವಂತಿತ್ತು. ಆದರೆ ಜೊತೆಗೆ ಬರುವುದು ಗೋಡೆಗೆ ಅಂಟಿ ಕೂರುವ ಸ್ಟ್ಯಾಂಡು. ಮುಂದಕ್ಕೆಳೆದು ತಿರುಗಿಸುವ ಉದ್ದ ತೋಳಿನ ಸ್ಟ್ಯಾಂಡಿಗೆ ಬೇರೆ ದುಡ್ಡು, ಅದು ನಮ್ಮಲ್ಲಿರಲಿಲ್ಲ. ನಾನು ನನ್ನ ಜೇಬಿಗೆ ಕೈ ಹಾಕಿದೆ. ಅಕ್ಕ ಕಣ್ಣಲ್ಲೇ ಗದರಿಸಿದಳು.

“ಇದರ ಜೊತೆ ಏನೋ ಉಡುಗೊರೆ ಅಂತ ಬರೆದಿದೆಯಲ್ಲ?”

“ಸ್ಪೀಕರ್ ಅಮ್ಮ. ಉಚಿತ.”

“ಅದು ನೀವೇ ಇಟ್ಕೊಳ್ಳಿ. ಬದಲಿಗೆ ತಿರುಗೋ ಸ್ಟ್ಯಾಂಡ್ ಕೊಡಿ.”

ಹಾಗೆಲ್ಲ ಕೊಡಲು ಬರುವುದಿಲ್ಲ ಎಂದು ಶುರುಮಾಡಿದ ಮಾರಾಟದವನು ಮಾತು ಅರ್ಧಕ್ಕೇ ನಿಲ್ಲಿಸಿ, ನಕ್ಷೆಯನ್ನೆತ್ತಿಕೊಂಡು ಮಾಲೀಕರ ಕೋಣೆಗೆ ಹೋದ. ಹೊರಗೆ ಬಂದಾಗ ಅವನ ಕೈಯಲ್ಲಿ ಸ್ಟ್ಯಾಂಡಿನ ಡಬ್ಬಿಯಿತ್ತು.

ಟಿವಿ ಕೂರಿಸುವವನು ಬಂದಿದ್ದು ಬೆಳಿಗ್ಗೆ, ನಾವು ಆರೂ ಜನ ಯಂತ್ರಕ್ಕೆ ಸಿಕ್ಕಿಕೊಂಡಿದ್ದಾಗ. ಅಕ್ಕ ಅವನನ್ನು ಬಾಗಿಲಲ್ಲೇ ತಡೆದಳು. ತನಗೆ ಇನ್ನೂ ನಾಲ್ಕು ಮನೆ ಇದೆ ಎಂದು ಅವನು ಗೊಣಗಿದ. “ನೀನು ಗೋಡೆ ಕೊರೆದ್ರೆ ಬರೋ ಧೂಳು ಇವರ ಸೂಜಿ ಹತ್ರ ಬರುತ್ತೆ ತಮ್ಮ. ಎರಡು ಗಂಟೆಗೆ ಬಾ. ನಿನ್ನ ಕೆಲಸಕ್ಕೆ ನಾನೂ ಕೈ ಜೋಡಿಸ್ತೀನಿ,” ಎಂದಳು. ಅವನು ಎರಡಕ್ಕೇ ಬಂದ. ಅಕ್ಕ ಆರೂ ಯಂತ್ರಗಳಿಗೆ ಒಗೆದ ಹೊದಿಕೆ ಹೊದಿಸಿ, ಅವನು ಕೊರೆಯುವ ತೂತಿನ ಕೆಳಗೆ ಒದ್ದೆ ಬಟ್ಟೆ ಹಿಡಿದುಕೊಂಡು ನಿಂತಿದ್ದಳು. ಕೆಲಸ ಮುಗಿದ ಮೇಲೆ ನೆಲವನ್ನು ಮೂರು ಸಲ ಒರೆಸಿದಳಂತೆ. ಇದನ್ನು ಆಮೇಲೆ ಹೇಳಿದವರು ನರ್ಸು. ಅಕ್ಕ ಇಂಥದ್ದನ್ನು ಹೇಳಿಕೊಳ್ಳುವುದಿಲ್ಲ.

ಎರಡು ದಿನ ಬಿಟ್ಟು ಟಿವಿ ಹಾಕಿದಾಗ ಅವಳೊಂದು ಕಡೆ ಎಡವಿದ್ದು ಬಯಲಾಯಿತು. ಹೊಸ ಟಿವಿಗೆ ಹಳೆಯದರಷ್ಟು ಗಂಟಲಿರಲಿಲ್ಲ, ಆರು ಯಂತ್ರಗಳ ಗುಂಯ್‌ಗುಡುವಿಕೆಯಲ್ಲಿ ಅದರ ಸದ್ದು ದೂರದ ಹಾಸಿಗೆಗಳಿಗೆ ಕೇಳಿಸುತ್ತಲೇ ಇರಲಿಲ್ಲ. “ಬಿಟ್ಟುಬಂದ ಸ್ಪೀಕರ್ ಈಗ ಬೇಕಿತ್ತು ನೋಡಿ,” ಎಂದ ಡ್ರೈವರು. ಅಕ್ಕ ವಾದ ಮಾಡಲಿಲ್ಲ. “ಹೌದಣ್ಣ, ಅದನ್ನ ಯೋಚಿಸಲಿಲ್ಲ. ಅಂಗಡೀಲಿ ಕಣ್ಣಿನ ವಿಷಯ ಅಷ್ಟೇ ತಲೇಲಿತ್ತು,” ಎಂದಳು. ತಮ್ಮ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವ ಎಷ್ಟೋ ಅಧಿಕಾರಿಗಳ ಕೈಕೆಳಗೆ ದುಡಿದವನು ನಾನು. ಅಷ್ಟು ಸಲೀಸಾಗಿ ಒಪ್ಪಿಕೊಂಡವರನ್ನು ಹೆಚ್ಚು ಕಂಡಿಲ್ಲ. ಮುಂದಿನ ಸರದಿಗೆ ಡ್ರೈವರೇ ಮನೆಯಲ್ಲಿದ್ದ ಪುಟ್ಟ ಸ್ಪೀಕರನ್ನು ತಂದು, ಆರನೇ ಹಾಸಿಗೆಯ ಪಕ್ಕ ಇಡಿಸಿದ.

ಅಜ್ಜಿಗೆ ಅಂದು ಮೊದಲ ಬಾರಿಗೆ ಚಿತ್ರವೂ ಸದ್ದೂ ಒಟ್ಟಿಗೆ ಸಿಕ್ಕವು. ಏನು ಹಾಕಲಿ ಎಂದು ಅಕ್ಕ ಕೇಳಿದಾಗ, ದೇವರದೋ ಅಡುಗೆಯದೋ ಹೇಳುತ್ತಾರೆಂದು ನಾವು ಕಾದೆವು. “ಕುಸ್ತಿ ಬರುತ್ತಲ್ಲ, ಅದು ಹಾಕು,” ಎಂದರು ಅಜ್ಜಿ. ದೈತ್ಯರಂಥ ಇಬ್ಬರು ಒಬ್ಬರನ್ನೊಬ್ಬರು ಎತ್ತಿ ಎಸೆಯುತ್ತಿದ್ದರೆ ಅಜ್ಜಿಯ ಬೊಚ್ಚುಬಾಯಿ ಅಗಲವಾಗಿ ತೆರೆದೇ ಇತ್ತು. ಅರ್ಧ ಗಂಟೆಗೆ ಯಂತ್ರ ಕೂಗಿಕೊಂಡಿತು.

“ಅಜ್ಜಿ, ನಿಮ್ಮ ಬಿಪಿ ಏರ್ತಿದೆ. ಕುಸ್ತಿ ಸಾಕು.”

“ಇದೊಂದು ಪಟ್ಟು ಮುಗೀಲಿ ತಾಯಿ.”

ಅಕ್ಕ ಪಟ್ಟು ಮುಗಿಯುವವರೆಗೆ ಅಜ್ಜಿಯ ನಾಡಿ ಹಿಡಿದುಕೊಂಡು ನಿಂತು, ಆಮೇಲೆ ಚಾನೆಲ್ ಬದಲಿಸಿದಳು. ಓರೆಯಿಂದ ನೋಡುತ್ತಿದ್ದ ಡ್ರೈವರು ನನ್ನ ಕಡೆ ತಿರುಗದೆಯೇ ಹೇಳಿದ: “ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದ್ದೀನಿ ಸಾರ್. ಮುಂದಿನ ಸೀಟಿಗೆ ಜಗಳ ಆಡದ ದಿನ ಇಲ್ಲ. ಈಯಮ್ಮ ಎಲ್ಲಾ ಸೀಟನ್ನೂ ಮುಂದಿನ ಸೀಟೇ ಮಾಡಿಬಿಟ್ಟಳು ನೋಡಿ.”

ಟಿವಿ ನೋಡಲು ಅಕ್ಕನಿಗೆ ಈಗಲೂ ಪುರುಸೊತ್ತಿಲ್ಲ. ಅದಕ್ಕೆ ಬೆನ್ನು ಹಾಕಿ, ನಮ್ಮ ಆರು ಮುಖ, ಆರು ಯಂತ್ರಗಳನ್ನು ನೋಡುತ್ತ ನಿಂತಿರುತ್ತಾಳೆ. ಹೋದ ತಿಂಗಳು ಮಕ್ಕಳ ವಾರ್ಡಿಗೆ ಯಾರೋ ಒಂದಿಷ್ಟು ಹಣ ಕೊಟ್ಟರಂತೆ. ಅಲ್ಲಿಯ ದೊಡ್ಡ ಡಾಕ್ಟರಮ್ಮ ತಾವೇ ನಮ್ಮ ಕೋಣೆಗೆ ಬಂದು, ಯಾವ ಟಿವಿ ತಗೊಳ್ಳೋಣ ಎಂದು ಅಕ್ಕನನ್ನು ಕೇಳಿದರು. ಅಕ್ಕ ಕೈಗವಸು ಕಳಚುತ್ತ, “ಮಕ್ಕಳು ಮಲಗಿರ್ತಾರಾ ಮೇಡಂ, ಅಮ್ಮಂದಿರ ತೊಡೆ ಮೇಲೆ ಕೂತಿರ್ತಾರಾ?” ಎಂದಳು. “ಕೆಲವರು ಮಲಗಿರ್ತಾರೆ, ಕೆಲವರು...” ಎಂದು ಡಾಕ್ಟರಮ್ಮ ಬೆರಳೆಣಿಸತೊಡಗಿದರು. “ಇರಲಿ, ನಾನೇ ಬಂದು ನೋಡ್ತೀನಿ,” ಎಂದು ಅಕ್ಕ ಅವರ ಹಿಂದೆಯೇ ಹೊರಟಳು.