ಅವ್ವ ತಿರುಗುವ ಹೊತ್ತು

ಕುಬೇರಪ್ಪ ದಾವಣಗೆರೆಯ ಟಾಕೀಸೊಂದರಲ್ಲಿ ಆಪರೇಟರು. ಊರಿಗೆಲ್ಲ ಬೆಳಕು ಬಿಡುವವನು ತಾನೇ ಎಂದು ಇನ್ನೂ ಸರಿಯಾಗಿ ಚಿಗುರದ ಮೀಸೆ ತಿರುವುತ್ತಿದ್ದ. ಊರಿಗೆ ಮಾತ್ರ ರೀಲು ಹರಿದಾಗಷ್ಟೇ ಅವನ ನೆನಪು. ಅದೂ ಅವನವ್ವನನ್ನು ಸೇರಿಸಿಕೊಂಡ ಬೈಗುಳದಲ್ಲಿ.

ಅವ್ವ ಉಡಚಮ್ಮ ತೀರಿಕೊಂಡಾಗ ತಂಗಿ ನಾಗಕ್ಕ ಮೊಲೆ ಬಿಡದ ಕೂಸು. ಮನೆಯಲ್ಲಿ ಅವ್ವನದೊಂದು ಪಟವಿಲ್ಲ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಮ್ಮಿ ಎಂದು ಹೆದರಿದ್ದವಳು, ತೆಗೆಸಿಕೊಳ್ಳದೆಯೂ ಹೆಚ್ಚು ದಿನ ಬಾಳಲಿಲ್ಲ.

"ಅವ್ವ ಹೆಂಗಿದ್ಲಣ್ಣ?" ಎಂದು ನಾಗಕ್ಕ ಕೇಳಿದಾಗಲೆಲ್ಲ "ಚಂದಿದ್ಲು" ಎನ್ನುತ್ತಿದ್ದ. ನಿಜಕ್ಕೂ ಅವನಿಗೂ ಮುಖ ಅಳಿಸಿಹೋಗಿತ್ತು. ಉಳಿದದ್ದು ಬೆನ್ನು: ಕೊಡ ಸೊಂಟಕ್ಕಿಟ್ಟು ಎಡಕ್ಕೆ ವಾಲಿ ಹರಿಹರದ ಹೊಳೆಗೆ ನಡೆಯುವ ಬೆನ್ನು, ಅದರ ಹಿಂದೆ ಓಡುವ ತಾನು.

ಆ ಬೆನ್ನು ಒಂದು ದಿನ ಪರದೆಯ ಮೇಲೇ ಬಂತು. ಸಿನಿಮಾಕ್ಕೆ ಮುಂಚೆ ಹಾಕಿದ ಯಾವುದೋ ಹಳೇ ವಾರ್ತಾಚಿತ್ರದಲ್ಲಿ ಹರಿಹರದ ಹೊಳೆದಂಡೆ. ಅವ್ವ ಕೊಡ ಎತ್ತಿ ತಿರುಗತೊಡಗಿದಳು; ಅಷ್ಟರಲ್ಲಿ ಯಾರೋ ಮಂತ್ರಿಯ ಹೊಟ್ಟೆ ಬಂತು.

ಹೊಳೆ ಬೇಕಾದ ಸಿನಿಮಾದವರು ಇಂಥ ಹಳೇ ತುಣುಕನ್ನೇ ತಂದು ಅಂಟಿಸಿಕೊಳ್ಳುವುದು ಅವನಿಗೆ ಗೊತ್ತಿತ್ತು. ಅಂದಿನಿಂದ ಬಂದ ಚಿತ್ರದಲ್ಲೆಲ್ಲ ಹೊಳೆ ಹುಡುಕಿದ. ಕಡೆಗೆ ಒಂದು ಸಂಸಾರದ ಚಿತ್ರದಲ್ಲಿ, ನಾಯಕಿ ಅಳುತ್ತ ನೀರಿಗೆ ಬರುವಲ್ಲಿ, ಅದೇ ದಂಡೆ, ಅದೇ ಬೆನ್ನು! ಇಲ್ಲಿ ತುಣುಕು ಉದ್ದವಿತ್ತು. ಅವ್ವ ತಿರುಗಿದಳು. ಕ್ಯಾಮೆರಾ ಕಂಡವಳೇ ಸೆರಗನ್ನು ಮುಖಕ್ಕೆಳೆದುಕೊಂಡಳು. ನಡುವೆ ರೆಪ್ಪೆ ಬಡಿಯುವಷ್ಟು ಹೊತ್ತು ಮುಖ.

ಚಿತ್ರ ಮರುದಿನ ಊರು ಬಿಡುವುದಿತ್ತು. ಮ್ಯಾಟಿನಿಗೆ ನಾಗಕ್ಕನನ್ನು ಕರೆತಂದ.

"ಹೊಳೆ ಬಂದಾಗ ನಿಲ್ಲಿಸ್ತೀನಿ. ಕಣ್ಣು ಮಿಟುಕಿಸಬ್ಯಾಡ."

"ನಿಲ್ಸಿದ್ರೆ ದೀಪದ ಕಾವಿಗೆ ರೀಲು ಸುಡಂಗಿಲ್ಲೇನು?"

"ಸುಡ್ತೈತೆ. ಅಷ್ಟರಾಗ ನೋಡ್ಕಂಡ್ಬಿಡು."

ಹೊಳೆ ಬಂತು. ಕುಬೇರಪ್ಪ ನಿಲ್ಲಿಸಿದ. ಅವ್ವ ನಿಂತಳು: ಅಗಲ ಹಣೆ, ಅರ್ಧ ತೆರೆದ ಬಾಯಿ.

"ಲೇ ಆಪರೇಟ್ರೂ! ನಿಮ್ಮವ್ವನ್ನ ತೋರಿಸ್ತೀಯೇನಲೇ?"

ಸಿಳ್ಳೆ ಎದ್ದಿತು. ಗಂಡಸರೆಲ್ಲ ಹಿಂದಕ್ಕೆ, ಅವನ ಕ್ಯಾಬಿನ್ನಿನತ್ತ ತಿರುಗಿದರು. ನಾಗಕ್ಕ ಕೂತಿದ್ದ ಹೆಂಗಸರ ಬೆಂಚು ಅದರ ಕೆಳಗೇ. ಪರದೆಯ ಮೇಲೆ ಅವ್ವನ ಕೆನ್ನೆ ಕಂದಿತು, ಗುಳ್ಳೆ ಎದ್ದಿತು, ಬೆಳ್ಳಗೆ ಬಯಲಾಯಿತು.

ಆಟ ಮುಗಿದ ಮೇಲೆ ಓಡಿ ಇಳಿದ. "ನೋಡಿದೇನೇ?"

"ಎಲ್ರೂ ನನ್ ಕಡೀಗೇ ತಿರುಗಿ ಕೂಗಿದ್ರಲ್ಲಣ್ಣ... ನಾಚ್ಕಿ ಆತು. ಸೆರಗು ಎಳ್ಕಂಡೆ."

ಕುಬೇರಪ್ಪ ಕ್ಯಾಬಿನ್ನಿಗೆ ಮರಳಿ, ಸುಟ್ಟಷ್ಟನ್ನು ಕತ್ತರಿಸಿ ರೀಲು ಅಂಟಿಸಿದ. ಸಂಜೆಯ ಆಟದಲ್ಲಿ ಅವ್ವನಿಗೆ ಬರೀ ಬೆನ್ನು, ಅದರ ಹಿಂದೆಯೇ ಸೆರಗು.

ಆಟ ಮುಗಿಯುವ ತನಕ ಹೊರಗೆ ಕಾದಿದ್ದ ನಾಗಕ್ಕ ಮನೆಯ ದಾರಿಯಲ್ಲಿ ಕೇಳಿದಳು: "ನೀನಾರ ನೋಡಿದ್ಯಲ್ಲ. ಹೆಂಗಿದ್ಲು?"

"ಯಾರನ್ನೋ ಬೈಯಾಕ ಬಾಯಿ ತೆಗ್ದಂಗಿದ್ಲು."

"ಯಾರನ್ನ?"

"ಹಿಂದೆ ಓಡ್ತಿದ್ದೋನು ನಾನೇ ಅಲ್ಲೇನು," ಎಂದ ಕುಬೇರಪ್ಪ.