ಪೊರ್ಬುಗಳ ಖಾಲಿ ಪೆಟ್ಟಿಗೆ

ಬಾಟಲಿ ಸಿಡಿಯಬಹುದಿತ್ತು. ಒಂದು ಸಿಡಿದರೆ ಅದರ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು, ಹೀಗೆ ಇಡೀ ವ್ಯಾನು ದೀಪಾವಳಿಯಾಗಬಹುದಿತ್ತು. ಮೊಂಬಾಸಾ ರಸ್ತೆಯಲ್ಲಿ ಪೊಲೀಸರು ಕೈ ಅಡ್ಡ ಮಾಡಿ ಪೆಟ್ಟಿಗೆಗಳಲ್ಲಿ ಏನಿದೆ ಎಂದು ಕೇಳಬಹುದಿತ್ತು; ನಾನು ಟೊಮೇಟೊ ಸಾಸ್ ಎನ್ನುವುದಕ್ಕೂ ಒಂದು ಮುಚ್ಚಳ ಹಾರುವುದಕ್ಕೂ ಸರಿಹೋಗಬಹುದಿತ್ತು. ಬಿಯರ್ ಹುಳಿಯಾಗಿರಬಹುದಿತ್ತು. ನೊರೆಯೇ ಬರದೆ ಆರಿದ ಕಷಾಯದಂತೆ ಲೋಟದಲ್ಲಿ ಮಲಗಬಹುದಿತ್ತು. ನೊರೆ ವಿಪರೀತವಾಗಿ ಮದುಮಗಳ ಸೀರೆ ತೋಯಬಹುದಿತ್ತು. ಕುಡಿದವರಿಗೆಲ್ಲ ಹೊಟ್ಟೆ ಕೆಟ್ಟು, ಮರುದಿನ ಇಗರ್ಜಿಯಲ್ಲಿ ಮದುಮಕ್ಕಳು, ಪಾದ್ರಿ ಬಿಟ್ಟರೆ ಬೇರೆ ಯಾರೂ ಇರದೆ ಹೋಗಬಹುದಿತ್ತು.

ಡ್ರೈವರನ ಪಕ್ಕ ಕೂತು ಇಷ್ಟನ್ನೂ ಕಲ್ಪಿಸಿಕೊಂಡೆ. ನನಗೆ ಇದು ಅಭ್ಯಾಸ. ಅಭ್ಯಾಸವಿಲ್ಲದ್ದು ಏನೆಂದರೆ, ಹಿಂದಿನ ಸೀಟಿನಿಂದ ‘ಹೆದರುದು ಎಂತಕ್ಕೆ ಮೇಷ್ಟ್ರೆ?’ ಎಂಬ ಸ್ವರ ಬರದೆ ಇದ್ದದ್ದು. ಆ ಬಿಯರ್ ಮಾಡಿದವರು ತೀರಿಕೊಂಡು ಕೆಲವು ವಾರಗಳಾಗಿದ್ದವು.

ಅವರ ಬಲಗೈ ಹೆಬ್ಬೆರಳು ಚಮಚದ ಹಾಗೆ ಅಗಲ, ಚಪ್ಪಟೆ. ನೈರೋಬಿಯ ಹೋಟೆಲುಗಳಲ್ಲಿ ಫ್ರಿಜ್ಜು, ಕೋಲ್ಡ್ ಸ್ಟೋರೇಜು ರಿಪೇರಿ ಮಾಡುತ್ತಲೇ ತಲೆ ನರೆಸಿದವರು. ಯಾವುದೋ ಕಂಪ್ರೆಸರ್ ಆ ಬೆರಳಿನ ಮೇಲೆ ಕೂತೆದ್ದಿತ್ತಂತೆ. ಆ ಬೆರಳಿನಿಂದ ಒತ್ತಿ ನೋಡದೆ ಅವರು ಜಗತ್ತಿನ ಯಾವ ವಸ್ತುವನ್ನೂ ನಂಬುತ್ತಿರಲಿಲ್ಲ. ಪಪ್ಪಾಯಿ, ಬ್ರೆಡ್ಡು, ಕಾರಿನ ಟೈರು, ಒಮ್ಮೆ ನನ್ನ ಹೊಟ್ಟೆಯನ್ನೂ ಒತ್ತಿ ‘ವಾಕಿಂಗ್ ಹೋಗಿ’ ಎಂದಿದ್ದರು. ಮಂಗಳೂರಿನ ಕಡೆ ಕ್ರೈಸ್ತ ಗೃಹಸ್ಥರನ್ನು ಗೌರವದಿಂದ ಪೊರ್ಬುಗಳು ಎನ್ನುತ್ತಾರೆ; ನನಗೂ ಅವರು ಪೊರ್ಬುಗಳೇ. ಮೈಸೂರಿನವನಾದ ನಾನು ಆ ಪದವನ್ನು ಕಲಿತದ್ದು ಈ ಊರಿನಲ್ಲಿ, ಅವರಿಂದಲೇ.

ಪರಿಚಯವಾದದ್ದು ನನ್ನ ದಡ್ಡತನದಿಂದ. ಕಾಲೇಜಿನ ಕೆಲಸಕ್ಕೆ ಬಂದ ಹೊಸತು, ಸೌತ್ ಸಿ ಬಡಾವಣೆಯಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಒಂದು ಗೇಟಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಎಂಬ್ವಾ ಕಾಲಿ’ ಎಂದು ಬರೆದ ಬೋರ್ಡು. ಎಂಬ್ವಾ ಎಂದರೆ ಇಲ್ಲಿಯ ಭಾಷೆಯಲ್ಲಿ ಮನೆಯಿರಬೇಕು, ಮನೆ ಖಾಲಿಯಿದೆ ಎಂದು ಖುಷಿಯಾಗಿ ಗೇಟು ತಟ್ಟಿದೆ. ಹೊರಗೆ ಬಂದವರ ಹತ್ತಿರ ಇಂಗ್ಲಿಷಿನಲ್ಲಿ ಬಾಡಿಗೆ ಎಷ್ಟು ಎಂದು ಕೇಳಿ, ಬೋರ್ಡು ತೋರಿಸಿದೆ. ಅವರು ಬೋರ್ಡನ್ನೂ ನನ್ನನ್ನೂ ನೋಡಿ, ಕನ್ನಡದಲ್ಲೇ ಕೇಳಿದರು:

“ಯಾವ ಊರು ಮಾರಾಯ್ರೆ ನಿಮ್ಮದು?”

ಸ್ವಾಹಿಲಿಯಲ್ಲಿ ಎಂಬ್ವಾ ಎಂದರೆ ನಾಯಿ. ಕಾಲಿ ಎಂದರೆ ಜೋರು, ಖಡಕ್ಕು; ನಾಯಿಗೂ ಸರಿ, ಹೆಂಡಕ್ಕೂ ಸರಿ. ಅಷ್ಟರಲ್ಲಿ ಆ ಜೋರು ನಾಯಿ ಕುಂಟುತ್ತಾ ಬಂದು ನನ್ನ ಬೂಟಿಗೆ ಒರಗಿ ಮಲಗಿತು.

“ಇಲ್ಲಿ ಖಾಲಿ ಇರುವುದು ಇದರ ಬಾಯಿ ಮಾತ್ರ. ಹಲ್ಲಿಲ್ಲ. ಒಳಗೆ ಬನ್ನಿ” ಎಂದರು.

ಆ ಸಂಜೆ ಅವರ ಹೆಂಡತಿ ಬಾಯಮ್ಮ ಮೀನು ಹುರಿದು ಹಾಕಿದರು, ಪೊರ್ಬುಗಳು ಮನೆಯಲ್ಲೇ ಮಾಡಿದ ಬಿಯರ್ ಕೊಟ್ಟರು. ಮರುವಾರ ಪಕ್ಕದ ಬೀದಿಯಲ್ಲಿ ನೆಲಮಹಡಿಯ ಮನೆಯೊಂದನ್ನು ಅವರೇ ಹುಡುಕಿಕೊಟ್ಟರು. ಮೆಟ್ಟಿಲಿನ ಕೆಳಗೆ ಕಿಟಕಿಯಿಲ್ಲದ, ಸದಾ ತಣ್ಣಗಿರುವ ಒಂದು ಗೂಡು ಆ ಮನೆಗಿತ್ತು. ಅದನ್ನು ಅವರು ಯಾರಿಗಾಗಿ ಹುಡುಕಿದರೆಂದು ನನಗೆ ತಿಳಿದದ್ದು ತಡವಾಗಿ. ಅವರ ಉಗ್ರಾಣಕ್ಕೆ ತಗಡಿನ ಮಾಡು. ಬಿಸಿಲಿಗೆ ಬಾಟಲಿ ಕಾಯುತ್ತದೆ. ಜೀವಮಾನವಿಡೀ ಊರಿಗೆಲ್ಲ ತಂಪು ಮಾಡಿಕೊಟ್ಟವರ ಮನೆಯ ಫ್ರಿಜ್ಜಿನಲ್ಲಿ ಬಾಯಮ್ಮನ ಮೀನಿಗೆ ಮಾತ್ರ ಜಾಗ. ಹೀಗೆ ಅವರ ಬಿಯರ್ ನನ್ನ ಮೆಟ್ಟಿಲ ಕೆಳಗೆ ವಾಸಕ್ಕೆ ಬಂತು. ತುಂಬಿದ ಬಾಟಲಿಯ ಜೊತೆ, ಮುಂದೆ ತುಂಬಬೇಕಾದ ಖಾಲಿಗಳೂ.

ಬಾಟಲಿಗೆ ಅವರು ಕಾಸು ಕೊಟ್ಟವರಲ್ಲ. ಪರಿಚಯದವರ ಪಾರ್ಟಿಗಳಿಂದ ಹೊತ್ತು ತರುವರು, ಕಂದು ಬಣ್ಣದ್ದು ಮಾತ್ರ. ಬಿಳಿಯದರಲ್ಲಿ ಬೆಳಕು ತಾಗಿ ಬಿಯರಿಗೆ ನಾತ ಬರುತ್ತದೆ. “ಕುಡಿದ ಕೂಡ್ಲೆ ತೊಳೀಬೇಕು. ನಾಳೆ ತೊಳೀತೇನೆ ಅನ್ನುವವ ಬಿಯರ್ ಮಾಡಬಾರದು” ಎನ್ನುವರು. ತುಂಬುವ ದಿನ ಸಕ್ಕರೆ ಪಾಕ ಬೆರೆಸುವಾಗ ಮಾತ್ರ ಯಾರೂ ಮಾತಾಡಿಸಬಾರದು. ಆ ಸಕ್ಕರೆಯಿಂದಲೇ ಬಾಟಲಿಯೊಳಗೆ ನೊರೆ ಹುಟ್ಟಬೇಕು. ಹೆಚ್ಚಾದರೆ ಗಾಜು ಒಡೆಯುತ್ತದೆ. ಗಾಜಿನೊಳಗಿನ ಒತ್ತಡ ತಿಳಿಯುವುದು ಹೇಗೆ? ಪ್ರತಿ ಸಲವೂ ಅದೇ ಬಿಯರನ್ನು ಸೋಡಾದ ಒಂದು ಪ್ಲಾಸ್ಟಿಕ್ ಬಾಟಲಿಗೂ ತುಂಬಿ ಜೊತೆಗಿಡುವರು. ಅದಕ್ಕೆ ಅವರಿಟ್ಟ ಹೆಸರು ನಾಡಿ. ಹೆಬ್ಬೆರಳಿನಿಂದ ಒತ್ತಿದರೆ ಮೆತ್ತಗಿದೆಯೆಂದರೆ ಇನ್ನೂ ಕಾಯಬೇಕು, ಕಲ್ಲಿನಂತಿದ್ದರೆ ಆಯಿತು.

ಒಂದು ಭಾನುವಾರ ಢಮ್ಮೆಂದು ಸದ್ದಾಯಿತು. ನಾನು ಹೊದಿಕೆ, ದಿಂಬು, ಹೆಂಡತಿಯ ಯೋಗದ ಚಾಪೆ ಎಲ್ಲವನ್ನೂ ಪೆಟ್ಟಿಗೆಗಳ ಮೇಲೆ ಹೇರಿ ಅವರಿಗೆ ಫೋನು ಮಾಡಿದೆ. ಸದ್ದು ಬೀದಿಯಲ್ಲಿ ಯಾರದೋ ಟೈರಿನದು. ಅವರು ಸಾವಕಾಶವಾಗಿ ನಡೆದು ಬಂದು, ನಾಡಿ ಬಾಟಲಿ ಒತ್ತಿ, ಆಮೇಲೆ ನನ್ನ ಮಣಿಕಟ್ಟು ಹಿಡಿದರು. “ಇಲ್ಲಿ ನೋಡ್ಬೇಕಾದ್ದು ಮೇಷ್ಟ್ರೆ. ಸಕ್ಕರೆ ಜಾಸ್ತಿ ಆಗಿದ್ದು ನಿಮಗೆ.”

ಅವರ ಒಬ್ಬಳೇ ಮಗಳ ಮದುವೆ ಗೊತ್ತಾಯಿತು. ಮದುವೆಯ ಮುನ್ನಾದಿನ ಹೆಣ್ಣಿಗೆ ತೆಂಗಿನಹಾಲು ಹಚ್ಚುವ ‘ರೋಸ್’ ಶಾಸ್ತ್ರ ಹೆಣ್ಣಿನ ಅಪ್ಪನ ಮನೆಯ ಖರ್ಚು. ಊರವರಿಗೆಲ್ಲ ಅಂಗಡಿಯ ಬಿಯರ್ ಕುಡಿಸುವ ಶಕ್ತಿ ಅವರಿಗಿರಲಿಲ್ಲ. ಅಳಿಯನ ಕಡೆಯವರು ಕೊಡುತ್ತೇವೆಂದರೆ ತೆಗೆದುಕೊಳ್ಳುವ ಮನಸ್ಸೂ ಇರಲಿಲ್ಲ. “ನನ್ನ ಮಗಳ ರೋಸಿಗೆ ಬಂದವರು ನನ್ನ ಕೈಯದ್ದೇ ಕುಡಿದು ಹೋಗಬೇಕು.”

“ಡ್ಯಾಡಿ, ಪ್ಲೀಸ್, ಸೋಡಾ ಈಸ್ ಫೈನ್” ಎಂದಳು ಮಗಳು.

“ಸೋಡಾ ಕುಡಿದು ಯಾರಾದರೂ ಹಾಡ್ತಾರಾ?” ಎಂದರು ಅಪ್ಪ.

ತಿಂಗಳುಗಟ್ಟಲೆ ಪೆಟ್ಟಿಗೆಗಳು ಬಂದವು. ಒಂದೊಂದರ ಮೇಲೂ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ರೋಸ್’. ಕೊನೆಗೊಂದು ಖಾಲಿ ಪೆಟ್ಟಿಗೆಯನ್ನು ನಾನು ಕಾಲೇಜಿನಲ್ಲಿದ್ದಾಗ ತಂದು ಗೂಡಿನ ಮೂಲೆಗೆ ತಳ್ಳಿ ಹೋಗಿದ್ದರು. ಇದರಲ್ಲೇನಿದೆ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ, “ಮೇಲೆ ಬರೆದಿದ್ದೇನೆ. ಮೇಷ್ಟ್ರಿಗೆ ಓದ್ಲಿಕ್ಕೆ ಬರ್ತದಲ್ಲ” ಎಂದರಂತೆ. ಆ ಹೊತ್ತಿಗೇ ಅವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು.

ಆಸ್ಪತ್ರೆಯಲ್ಲಿ ನನ್ನನ್ನು ಕಂಡವರೇ ಕೇಳಿದ್ದು: “ಗಟ್ಟಿ ಉಂಟಾ?”

“ಕಲ್ಲಿನ ಹಾಗಿದೆ.”

“ಹಾಗಾದ್ರೆ ಅಲ್ಲಾಡಿಸ್ಬೇಡಿ. ತಾರೀಕೂ ಅಲ್ಲಾಡಿಸ್ಬೇಡಿ ಅಂತ ಬಾಯಮ್ಮನಿಗೆ ಹೇಳಿ. ನಾನಿಲ್ಲ ಅಂತ ಮದುವೆ ನಿಲ್ಲಬಾರದು.” ನಾನು ಏನೋ ಸಮಾಧಾನ ಹೇಳಲು ಹೊರಟೆ. “ನೀವು ಸುಮ್ಮನಿರಿ, ನಿಮಗೆ ಅದು ಬರುದಿಲ್ಲ” ಎಂದು ಕಣ್ಣು ಮುಚ್ಚಿ ನಕ್ಕರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಬಾಯಮ್ಮ ತಾರೀಕು ಬದಲಿಸಲಿಲ್ಲ. ರೋಸಿನ ದಿನ ಪೆಟ್ಟಿಗೆಗಳನ್ನು ವ್ಯಾನಿಗೇರಿಸುವಾಗ ಡ್ರೈವರು ಮೂಲೆಯದನ್ನು ತೋರಿಸಿ ಇದು ಬೇಡವೇ ಎಂದ. ಬೇಡ ಎಂದೆ.

ಯಾವುದೂ ಸಿಡಿಯಲಿಲ್ಲ. ಪೊಲೀಸರು ತಡೆಯಲಿಲ್ಲ. ನೊರೆ ಲೋಟದ ಅಂಚಿನವರೆಗೆ ಎದ್ದು ಅಲ್ಲೇ ನಿಂತಿತು. ಗಂಡಿನ ಕಡೆಯವರು ಯಾವ ಬ್ರ್ಯಾಂಡು ಎಂದು ಕೇಳಿದರು. ಮಗಳು ಒಂದು ಬಾಟಲಿಯನ್ನು ತೆರೆಯದೆ ಮಡಿಲಲ್ಲಿ ಇಟ್ಟುಕೊಂಡೇ ತೆಂಗಿನಹಾಲು ಹಚ್ಚಿಸಿಕೊಂಡಳು. ಎಲ್ಲರೂ ಎದ್ದು ನಿಂತು ಲೋಟ ಎತ್ತುವ ಟೋಸ್ಟಿನ ಮೊದಲು ಬಾಯಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

“ಆ ಸ್ಟ್ರಾಂಗ್ ಬಿಯರ್ ಎಲ್ಲಿ ಮೇಷ್ಟ್ರೆ? ಟೋಸ್ಟಿಗೆ ಅಂತ ಬೇರೆ ಮಾಡಿ ನಿಮ್ಮಲ್ಲಿ ಇಟ್ಟಿದ್ದೇನೆ ಅಂತ ಹೇಳಿದ್ದರು.”

“ಇದ್ದದ್ದೆಲ್ಲ ತಂದಿದ್ದೇನೆ ಬಾಯಮ್ಮ. ಅಂಥದ್ದೊಂದು ಇರಲಿಲ್ಲ.”

“ಹೌದಾ” ಎಂದರು. “ಜ್ವರದಲ್ಲಿ ಹೇಳಿದ್ದಿರಬೇಕು. ಮಾಡಬೇಕು ಅಂತ ಆಸೆ ಇತ್ತೇನೋ, ಆಗಲಿಲ್ಲ” ಎಂದು ಸೆರಗು ಸರಿಮಾಡಿಕೊಂಡು ಹೋದರು. ಟೋಸ್ಟು ಸಾದಾ ಬಿಯರಿನಲ್ಲೇ ಆಯಿತು. ಬೇರೆ ಯಾರಿಗೂ ಕೊರತೆ ಕಾಣಲಿಲ್ಲ.

ವಾರ ಕಳೆದ ಮೇಲೆ, ಉಳಿದ ಖಾಲಿ ಪೆಟ್ಟಿಗೆಯನ್ನು ಅವರ ಮನೆಗೆ ಮುಟ್ಟಿಸೋಣವೆಂದು ಗೂಡಿನೊಳಗೆ ಬಗ್ಗಿ ಒಂದು ಕೈಯಲ್ಲಿ ಎಳೆದೆ. ಅದು ಕದಲಲಿಲ್ಲ. ಎರಡು ಕೈ ಹಾಕಿದೆ. ಒಳಗೆ ಗಾಜು ಭಾರವಾಗಿ ಕಣಕಣವೆಂದಿತು. ಮುಚ್ಚಳ ತೆರೆದರೆ ಎಲ್ಲವೂ ತುಂಬಿದ ಬಾಟಲಿಗಳು, ಮಧ್ಯೆ ಪ್ಲಾಸ್ಟಿಕ್ಕಿನ ನಾಡಿ. ಹೆಬ್ಬೆರಳಿನಿಂದ ಒತ್ತಿದೆ. ಕಲ್ಲು. ಆಗ ಮೇಲಿನ ಬರಹವನ್ನು ಇನ್ನೊಮ್ಮೆ ಓದಿದೆ: ಕೆ, ಎ, ಎಲ್, ಐ.

ಆ ಪೆಟ್ಟಿಗೆಯನ್ನು ಎದೆಗವಚಿಕೊಂಡು, ನಾಯಿ ಸತ್ತ ಮೇಲೂ ಅದೇ ಬೋರ್ಡು ಹೊತ್ತಿರುವ ಗೇಟಿನ ಮುಂದೆ ನಿಂತೆ. ಬಾಯಮ್ಮ ಹೊರಗೆ ಬಂದರು. ಪೆಟ್ಟಿಗೆಯ ಮೇಲಿನದನ್ನು ಓದಿದರು, ಬೋರ್ಡನ್ನು ನೋಡಿದರು, ನನ್ನನ್ನು ನೋಡಿದರು. ಗಂಡ ಸತ್ತ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಆಗಲೇ. ನಕ್ಕು, ಕಣ್ಣು ಒರೆಸಿಕೊಂಡು, ಗೇಟು ತೆಗೆಯುತ್ತಾ ಹೇಳಿದರು:

“ಮೇಷ್ಟ್ರಿಗೆ ಓದ್ಲಿಕ್ಕೆ ಬರ್ತದೆ ಅಂತ ನಂಬಿದ್ದರು, ಪಾಪ.”