ಗೆದ್ದಲು ತಿಂದ ಫೇಟಿಯಾ

ಲಂಬಾಣಿ ಸಂಸ್ಕೃತಿಯನ್ನು ಉಳಿಸಲು ನಮ್ಮವರು ಕಟ್ಟಿಕೊಂಡ ಸಮಿತಿಗೆ ನಾನು ಉಪಾಧ್ಯಕ್ಷ. ಉಳಿಸಲು ಎಂಥವನನ್ನು ಹಿಡಿದು ತಂದಿದ್ದಾರೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿ ಪಾಸಾದ ಬಲದ ಮೇಲೆ ಬಸ್ ಕಂಡಕ್ಟರ್ ಆಗಿ, ಬಳ್ಳಾರಿ, ಕುರುಗೋಡು, ಸಿರುಗುಪ್ಪ ಎಂದು ಕೂಗಿ ಕೂಗಿ ನಿವೃತ್ತನಾದವನು. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಮನೆ ಹಿಡಿದ ದಿನವೇ, ಈ ಹೊಸ್ತಿಲೊಳಗೆ ನಮ್ಮ ಮಾತು ಬೇಡ, ಕನ್ನಡವೇ ಸಾಕು ಎಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿದವನು. ಹೀಗಾಗಿ ನನ್ನ ಮಕ್ಕಳು ತಾಂಡಾಕ್ಕೆ ಹೋದರೆ ಸ್ವಂತ ಅಜ್ಜಿಯ ಜೊತೆ ಕೈಸನ್ನೆಯಲ್ಲಿ ಮಾತಾಡುತ್ತಿದ್ದರು. ನನ್ನ ಕೊನೆಯ ಖಾಕಿ ಯೂನಿಫಾರ್ಮನ್ನು ಮಾತ್ರ ಇಸ್ತ್ರಿ ಮಾಡಿಸಿ, ನುಸಿಗುಳಿಗೆ ಹಾಕಿ, ಬೀರುವಿನಲ್ಲಿ ಭದ್ರವಾಗಿ ಇಟ್ಟಿದ್ದೆ. ಸಂಸ್ಕೃತಿ ರಕ್ಷಣೆಯಲ್ಲಿ ನನಗಿದ್ದ ಅನುಭವ ಅಷ್ಟೇ.

ಈ ಸಲ ತೀಜ್ ಹಬ್ಬವನ್ನು ಕುರುಗೋಡಿನ ಗುಡ್ಡದ ಮಗ್ಗುಲಿನ ನಮ್ಮ ತಾಂಡಾದಲ್ಲಿ, ಸಮುದಾಯ ಭವನದಲ್ಲಿ ಜೋರಾಗಿ ಮಾಡಬೇಕೆಂದು ಸಮಿತಿ ಸೇರಿತು. ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಬಿತ್ತಿ, ಹಾಡುತ್ತ ನೀರೆರೆದು ಸಸಿ ಬೆಳೆಸುವ ಹಬ್ಬ ಅದು. ಸಮಿತಿಗೆ ಗೋಧಿಯ ಚಿಂತೆ ಇರಲಿಲ್ಲ. ಶಾಲು ಯಾರಿಗೆ, ಹಾರ ಯಾರಿಗೆ, ಫ್ಲೆಕ್ಸಿನಲ್ಲಿ ಯಾರ ಮುಖ ಎಷ್ಟು ದೊಡ್ಡದು ಎನ್ನುವುದರಲ್ಲೇ ಮುಕ್ಕಾಲು ಸಭೆ ಮುಗಿಯಿತು. ಉಳಿದ ಕಾಲು ಭಾಗದಲ್ಲಿ, ಹೆಂಗಸರೆಲ್ಲ ಫೇಟಿಯಾ ಉಟ್ಟು ಬರಬೇಕೆಂದೂ, ಹಳೆಯ ಉಡುಗೆಗಳನ್ನು ಒಂದು ಟೇಬಲ್ಲಿನ ಮೇಲೆ ಪ್ರದರ್ಶನಕ್ಕೆ ಇಡಬೇಕೆಂದೂ ತೀರ್ಮಾನವಾಯಿತು. ಫೇಟಿಯಾ ಎಂದರೆ ಕನ್ನಡಿ, ಕವಡೆ, ಬಣ್ಣದ ದಾರ ಕೂಡಿಸಿ ಕೈಯಲ್ಲೇ ಹೊಲಿದ ನಮ್ಮ ಹೆಂಗಸರ ಲಂಗ.

"ಯಾರ ಮನಿಯಾಗ ಹಳೇ ಫೇಟಿಯಾ ಅದಾವ, ಕೈ ಎತ್ರಿ," ಎಂದರು ಅಧ್ಯಕ್ಷರು. ಅವರು ನಿವೃತ್ತ ಎಂಜಿನಿಯರು.

ಎಲ್ಲರೂ ಫ್ಯಾನು ನೋಡತೊಡಗಿದರು.

"ನಮ್ಮನಿಯಾಗಿಂದು ಗೆದ್ದಲು ತಿಂದುಬಿಟ್ವು ನೋಡ್ರಿ," ಎಂದೆ ನಾನು.

"ನಮ್ದೂ ಗೆದ್ದಲ," ಎಂದ ಪಕ್ಕದವನು, ಉಸಿರು ಬಿಟ್ಟು.

"ನಮ್ದು ಇಲಿ," ಎಂದ ಇನ್ನೊಬ್ಬ, ಸ್ವಲ್ಪ ಬೇರೆಯಾಗಿರಲಿ ಎಂದು.

ನಮ್ಮ ಸೀಮೆಯ ಗೆದ್ದಲಿಗೆ ಕಸೂತಿಯ ರುಚಿ ಬಹಳ ಎಂದು ಬರೆದುಕೊಂಡು ಸಭೆ ಮುಗಿಯಿತು. ನನಗೆ ಭಾಷಣದ ವಿಷಯ ಕೊಟ್ಟರು: 'ನಮ್ಮ ಉಡುಗೆ, ನಮ್ಮ ಹೆಮ್ಮೆ'.

ಈಗ ಗೆದ್ದಲಿನ ವಿಷಯ. ಅದು ನಾನೇ. ಹೆಂಡತಿ ಚೊಚ್ಚಲ ಹೆರಿಗೆಗೆ ಸಿರುಗುಪ್ಪ ಕಡೆಯ ತವರು ತಾಂಡಾಕ್ಕೆ ಹೋಗಿದ್ದಾಗ, ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ನಮ್ಮ ಓಣಿಗೆ ಬಂದಳು. ಹೆಂಡತಿಯ ತಾಯಿ ಕುಳಿತು ಹೊಲಿದು, ಮದುವೆಗೆ ಉಡಿಸಿದ ಫೇಟಿಯಾ ಪೆಟ್ಟಿಗೆಯಲ್ಲಿತ್ತು. ಅದನ್ನು ಉಟ್ಟು ಅವಳು ನೀರಿಗೆ ಹೋದರೆ ಓಣಿಯೆಲ್ಲ ನನ್ನನ್ನೇ ನೋಡುತ್ತಿದೆ ಎಂದು ನನಗೆ ಬೆವರು. ತೆಗೆದು ಪಾತ್ರೆಯವಳ ಮುಂದೆ ಹಾಕಿದೆ.

"ಇದ್ಯಾಕಣ್ಣ? ಜರಿ ಸೀರಿ ಇದ್ರ ಕೊಡು. ಈ ಕನ್ನಡಿ ಯಾರು ತಗೋತಾರ?" ಎಂದಳು.

ನಾನು ಬಿಡಲಿಲ್ಲ. ನನ್ನ ಹಳೆಯದೊಂದು ಖಾಕಿ ಪ್ಯಾಂಟು ಸೇರಿಸಿದೆ. ಆಗ ಅವಳು ಒಂದು ಸ್ಟೀಲ್ ಬಿಂದಿಗೆ ಕೊಟ್ಟಳು. ಕೂಸು ಎತ್ತಿಕೊಂಡು ಬಂದ ಹೆಂಡತಿಗೆ ಗೆದ್ದಲಿನ ಕಥೆ ಹೇಳಿದೆ. ಅವಳು ಅತ್ತಳು, ಆಮೇಲೆ ಆ ಬಿಂದಿಗೆಯಲ್ಲೇ ನೀರು ತಂದಳು. ವಿಚಿತ್ರವೆಂದರೆ ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಮನೆಯೊಡೆಯರು ವೈಷ್ಣವರು, ಕಚೇರಿಯ ಗುಮಾಸ್ತರು. ಅವರ ಹೆಂಡತಿ ಒಂದು ದಿನ, "ಆ ಕನ್ನಡಿ ಲಂಗ ಎಲ್ಲಮ್ಮಾ? ಚಂದಿತ್ತಲ್ಲ," ಎಂದು ಕೇಳಿದರಂತೆ.

ಇದೆಲ್ಲ ಹಳೆಯ ಮಾತು. ಆ ಬಿಂದಿಗೆಯ ನೀರು ಕುಡಿಯುತ್ತಲೇ ನಾನು 'ನಮ್ಮ ಉಡುಗೆ, ನಮ್ಮ ಹೆಮ್ಮೆ' ಬರೆದು ಮುಗಿಸಿದೆ. ಚೆನ್ನಾಗಿಯೇ ಬಂದಿತ್ತು.

ಉಡಲು ಫೇಟಿಯಾ ಬೇಕಲ್ಲ? ನಮ್ಮ ಹೆಂಗಸರೆಲ್ಲ ಬಳ್ಳಾರಿಯ ನಾಟಕದ ಡ್ರೆಸ್ ಅಂಗಡಿಯಲ್ಲಿ ಬಾಡಿಗೆಗೆ ತರುತ್ತಿದ್ದರು. ನಾನೂ ಹೆಂಡತಿಯನ್ನು ಕರೆದುಕೊಂಡು ಹೋದೆ. ರಾಕ್ಷಸನ ಕಿರೀಟಕ್ಕೂ ಪೊಲೀಸ್ ಟೋಪಿಗೂ ನಡುವೆ ನಮ್ಮ ಸಂಸ್ಕೃತಿ ಹ್ಯಾಂಗರಿನಲ್ಲಿ ನೇತಾಡುತ್ತಿತ್ತು. ಚೀಟಿಯ ಮೇಲೆ 'ಲಂಬಾಣಿ, ಲೇಡೀಸ್, ಫ್ರೀ ಸೈಜ್' ಎಂದಿತ್ತು.

"ಮೊಮ್ಮಗಳ ಸಾಲಿ ಪ್ರೋಗ್ರಾಮಿಗೇನ್ರಿ ಅಮ್ಮಾರ?" ಎಂದ ಅಂಗಡಿಯ ಸಾಹೇಬ.

"ಅಲ್ಲ, ನನಗ."

"ಈ ವಯಸ್ಸಿನಾಗ ಫ್ಯಾನ್ಸಿ ಡ್ರೆಸ್ಸು ಯಾಕ್ರಿ ನಿಮಗ?" ಎಂದು ನಕ್ಕು, ಸೆರಗು ಹೊದೆಯುವುದು ಹೇಗೆಂದು ಅವಳಿಗೇ ತೋರಿಸಿಕೊಟ್ಟ. "ಹಿಂಗ ಪಿನ್ನು ಚುಚ್ಚಬೇಕ್ರಿ. ಇಲ್ಲಾಂದ್ರ ಒರಿಜಿನಲ್ ಕಾಣಂಗಿಲ್ಲ."

ಅವಳು ಬೆರಳಿನಿಂದ ಒಂದು ಕನ್ನಡಿ ಮುಟ್ಟಿದಳು. "ಇದರಾಗ ಮುಖ ಕಾಣವಲ್ದಲ್ಲೋ ಯಪ್ಪಾ."

"ಪ್ಲಾಸ್ಟಿಕ್ ಐತ್ರಿ. ಗಾಜಿಂದಾದ್ರ ಮಕ್ಳು ಒಡದು ಹಾಕ್ತಾವ."

ಅವಳು ಏನನ್ನೂ ತೆಗೆದುಕೊಳ್ಳದೆ ಹೊರಗೆ ಬಂದಳು. ಮನೆಗೆ ಬಂದು ಗೋಡೆಗೆ ಒರಗಿ ಕುಳಿತವಳು ಕೇಳಿದಳು:

"ಅಲ್ರೀ, ಬಟ್ಟಿ ತಿಂದ್ವು, ದಾರ ತಿಂದ್ವು, ಸರಿ. ಗೆದ್ದಲು ಕನ್ನಡೀನೂ ತಿಂತಾವೇನು? ಒಂದು ಕವಡಿ ಆದ್ರೂ ಉಳೀಬೇಕಿತ್ತಲ್ಲ?"

ಇಷ್ಟು ವರ್ಷ ಅವಳಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ನನ್ನನ್ನು ನಂಬಿದ್ದಳು, ಅದಕ್ಕೆ. ಇನ್ನೊಂದು ಸುಳ್ಳು ನಾಲಿಗೆಯ ತುದಿಯವರೆಗೂ ಬಂದಿತ್ತು, ಆದರೆ ಅವಳ ಮುಖ ನೋಡಿ ಎಲ್ಲವನ್ನೂ ಹೇಳಿಬಿಟ್ಟೆ.

"ಪ್ಯಾಂಟೂ ಕೊಟ್ರಾ?"

"ಹೂಂ."

"ಪ್ಯಾಂಟು ಕೊಟ್ಟ ಮ್ಯಾಲ ಬಿಂದಿಗಿ ಕೊಟ್ಲಾ?"

"ಹೂಂ."

"ಅಂದ್ರ ನಮ್ಮವ್ವ ಕಣ್ಣು ಕಳಕೊಂಡು ಹೊಲದದ್ದು ನಿಮ್ಮ ಹರಕ ಪ್ಯಾಂಟಿಗೂ ಸಮ ಆಗಲಿಲ್ಲ."

ಮನೆಯಲ್ಲಿ ಅವಳು ನನ್ನೊಡನೆ ಆಡಿದ ಕೊನೆಯ ಕನ್ನಡ ಮಾತು ಅದು. ಮರುದಿನ ಬೆಳಿಗ್ಗೆಯಿಂದ ಅವಳು ನಮ್ಮ ಮಾತಿನಲ್ಲಿ ಮಾತ್ರ ಮಾತಾಡಿದಳು. ನನಗೆ ಅರ್ಧ ತಿಳಿಯುತ್ತಿತ್ತು, ಉತ್ತರ ಕೊಡಲು ಬಾಯಿ ತಿರುಗುತ್ತಿರಲಿಲ್ಲ. ರೊಟ್ಟಿ ಕೇಳಿದರೆ ಕಿವುಡಿಯಂತೆ ಕುಳಿತಳು. 'ಬಾಟಿ' ಎಂದಾಗ ತಟ್ಟೆಗೆ ಬಿತ್ತು.

ತೀಜ್ ದಿನ ಅವಳು ಹತ್ತಿಯ ಸೀರೆ ಉಟ್ಟು, ಬಿಂದಿಗೆಯನ್ನು ತಿಕ್ಕಿ ತೊಳೆದು, ಸೊಂಟದ ಮೇಲೆ ಇಟ್ಟುಕೊಂಡು ಬಸ್ ಹತ್ತಿದಳು. ಭವನದಲ್ಲಿ ಮುಖ್ಯ ಅತಿಥಿಗಳು ಇನ್ನೂ ಬಂದಿರಲಿಲ್ಲ. ಮಾತೃಭಾಷೆಯ ಮಹತ್ವದ ಬಗ್ಗೆ ಒಬ್ಬರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮಾತಾಡುತ್ತಿದ್ದರು. ಬಾಡಿಗೆಯ ಸ್ಯಾಟಿನ್ನಿನಲ್ಲಿ ಹೆಂಗಸರು ಬೆವರುತ್ತಿದ್ದರು. ಗೋಧಿ ಸಸಿಯ ಬುಟ್ಟಿಗಳನ್ನು ಫೋಟೋಕ್ಕೆ ಅಡ್ಡವೆಂದು ಮೂಲೆಗೆ ಸರಿಸಲಾಗಿತ್ತು. ಪ್ರದರ್ಶನದ ಟೇಬಲ್ಲಿನ ಮೇಲೆ 'ಉಡುಗೆ' ಎಂಬ ಚೀಟಿಯೊಂದೇ ಇತ್ತು. ನನ್ನ ಹೆಂಡತಿ ಬಿಂದಿಗೆಯನ್ನು ಅದರ ಹಿಂದೆ ಇಟ್ಟಳು.

"ನೀರಿಂದು ಆ ಕಡಿ ಇಡವ್ವಾ," ಎಂದರು ಅಧ್ಯಕ್ಷರು.

ಅವಳು ನಮ್ಮ ಮಾತಿನಲ್ಲೇ ಉತ್ತರ ಕೊಟ್ಟಳು. ಕನ್ನಡದಲ್ಲಿ ಹೇಳಿದರೆ ಹೀಗೆ: "ಇದು ನೀರಿಂದಲ್ಲ, ನನ್ನ ಫೇಟಿಯಾ. ಉಪಾಧ್ಯಕ್ಷರನ್ನ ಕೇಳು. ಅದರ ಮ್ಯಾಲೇ ಅವರ ಭಾಷಣ ಐತಿ."

ನನ್ನ ಹೆಸರು ಕೂಗಿದರು. ಬರೆದದ್ದನ್ನು ಜೇಬಿನಲ್ಲೇ ಬಿಟ್ಟು, ಪಾತ್ರೆಯವಳು, ಪ್ಯಾಂಟು, ಗೆದ್ದಲು, ಎಲ್ಲವನ್ನೂ ಹೇಳಿದೆ. ನಮ್ಮ ಮಾತಿನಲ್ಲಿ ಹೇಳಲು ಹೋಗಿ ಎಡವಿದೆ, ಎಡವಿದಲ್ಲೆಲ್ಲ ಕನ್ನಡ ಊರಿದೆ. ಹೆಂಗಸರು ನಕ್ಕರು. ಗಂಡಸರು ಮತ್ತೆ ಫ್ಯಾನು ನೋಡಿದರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಮುದುಕ ಮಾತ್ರ ತಡೆಯಲಾರದೆ, "ನಿಂದು ಬಿಂದಿಗಿ, ನಂದು ಕುಕ್ಕರ್ ಲೇ!" ಎಂದುಬಿಟ್ಟ. ಅವನ ಹೆಂಡತಿ ಮಗ್ಗುಲಲ್ಲೇ ಕುಳಿತಿದ್ದಳು.

"ಏನಂದಿ?" ಎಂದಳು ಆಕೆ.

ಆ ದಿನ ಆ ಭವನದಲ್ಲಿ ಬಹಳ ಗೆದ್ದಲು ಸತ್ತವು.

ಸಮಿತಿ ಈ ವಿಷಯಕ್ಕಾಗಿ ಒಂದು ಉಪಸಮಿತಿ ಮಾಡಿತು. ಅದು ಇನ್ನೂ ಸೇರಿಲ್ಲ. ಅಷ್ಟರಲ್ಲಿ ಹೆಂಗಸರೇ ಭವನದ ಬೀಗದ ಕೈ ಇಸಿದುಕೊಂಡು, ಭಾನುವಾರಗಳಲ್ಲಿ ಕೂಡಿ ಹೊಲಿಯತೊಡಗಿದರು. ತವರಿನ ಹೊಲಿಗೆ ನೆನಪಿರುವವರು ಮರೆತವರಿಗೆ ತೋರಿಸುತ್ತಾರೆ. ಬೇಸರವಾದರೆ ಹಾಡುತ್ತಾರೆ. ಶಾಲು, ಹಾರ ಯಾವುದೂ ಇಲ್ಲ. ಸೂಜಿಗೆ ದಾರ ಪೋಣಿಸುವುದು ನನ್ನ ಕೆಲಸ. ಕಣ್ಣು ಮಂಜಾದ್ದರಿಂದ ಅದನ್ನೂ ಸರಿಯಾಗಿ ಮಾಡುವುದಿಲ್ಲ. ಹೆಂಡತಿಯ ಫೇಟಿಯಾ ಅಂಚಿನವರೆಗೆ ಬಂದಿದೆ. ಮೂಲೆಯೊಂದು ತಾಯಿಯ ಕೈಯಂತೆ ಬರುತ್ತಿಲ್ಲವೆಂದು ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯುತ್ತಾಳೆ. ಅದು ಮುಗಿಯುವತನಕ ಬಿಂದಿಗೆ ಟೇಬಲ್ಲಿನಿಂದ ಇಳಿಯುವಂತಿಲ್ಲ.

ಮೊನ್ನೆ ಒಳಗಿನ ಅಸ್ತರಿಗೆ ಗಟ್ಟಿ ಬಟ್ಟೆ ಬೇಕು ಎಂದಳು, ನಮ್ಮ ಮಾತಿನಲ್ಲೇ. ಮೊದಲ ಸಲಕ್ಕೇ ಅರ್ಥವಾಯಿತು. ಮನೆಯ ಬೀರು ತೆರೆದು ಖಾಕಿ ಯೂನಿಫಾರ್ಮ್ ತೆಗೆದು, ಭಾನುವಾರ ಭವನಕ್ಕೆ ಒಯ್ದು ಅವಳ ಮುಂದೆ ಹಾಕಿದೆ. ಅವಳು ಅದರ ಇಸ್ತ್ರಿಯ ಮಡಿಕೆಯ ಮೇಲೆ ಕೈಯಾಡಿಸಿ, ಮೂಸಿ ನೋಡಿ, ಕತ್ತರಿ ಎತ್ತಿದಳು. ಕಂಡಕ್ಟರ್ ಬಿಲ್ಲೆ ಚುಚ್ಚಿದ ಗುರುತಿದ್ದ ಜೇಬನ್ನು ಮಾತ್ರ ಬೇರೆಯಾಗಿ ಬಿಡಿಸಿ ನನ್ನ ಕೈಗೆ ಕೊಟ್ಟಳು.

ಟೇಬಲ್ಲಿನ ಮೇಲೆ ಬಿಂದಿಗೆಯ ಪಕ್ಕ ಇಡು ಎಂದಳು. ಇಟ್ಟು ಬಂದೆ.